ಗುಂಡಿ ಡಬ್ಬಿ ಮತ್ತು ಗಾಳಿ ವರದಿ

ಫೆಬ್ರವರಿ 3

ಪ್ರೀತಿಯ ಅಣ್ಣಾ,

ನಿಂತುಕೊಂಡು ಓದುತ್ತಿದ್ದರೆ ಮೊದಲು ಕೂತ್ಕೋ. ನೀನು ಸೋದರಮಾವ ಆಗುತ್ತಿದ್ದೀಯ.

ನಮ್ಮನೆಯವರಿಗೆ ವಿಷಯ ಹೇಳಿದ್ದು ನಾಟಕಶಾಲೆಯಲ್ಲೇ. ಅವರು ಏಣಿಯ ತುದಿಯಲ್ಲಿ ನಿಂತು ದೀಪ ಸರಿಮಾಡುತ್ತಿದ್ದರು, ನಾನು ಕೆಳಗೆ ಏಣಿ ಹಿಡಿದುಕೊಂಡಿದ್ದೆ. "ರೀ, ಒಂದ್ ವಿಷಯ" ಅಂದೆ. "ಹೇಳು, ಕೇಳಿಸ್ತಿದೆ" ಅಂದರು. ಹೇಳಿದೆ. ಮೇಲಿಂದ ಮೊದಲು ಸ್ಕ್ರೂಡ್ರೈವರ್ ಬಿತ್ತು, ಆಮೇಲೆ ಒಂದು ಚಪ್ಪಲಿ, ಆಮೇಲೆ ಅವರೇ ಇಳಿದು ಬಂದರು. ಬಂದವರೇ ರಂಗದ ಮೇಲಿನ ದೀಪಗಳನ್ನೆಲ್ಲ ಒಟ್ಟಿಗೆ ಹಚ್ಚಿಬಿಟ್ಟರು. ಮ್ಯಾನೇಜರು ಓಡಿಬಂದು, "ಏನ್ರೀ ಇದು, ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾರಾ?" ಎಂದು ಕೂಗಿದರು. "ಅಪ್ಪ ನಾನೇ ಕಣ್ರೀ!" ಎಂದು ಇವರು ಅವರನ್ನು ತಬ್ಬಿಕೊಂಡರು. ಮ್ಯಾನೇಜರಿಗೆ ಈಗಲೂ ಅರ್ಥವಾಗಿಲ್ಲ ಅನ್ನಿಸುತ್ತದೆ.

ಮಗು ಸದ್ಯಕ್ಕೆ ಶರಟಿನ ಗುಂಡಿಯಷ್ಟಿದೆಯಂತೆ. ದಿನವಿಡೀ ಗುಂಡಿ ಹೊಲಿಯುವವಳಿಗೆ ಹೇಳಲು ಬೇರೆ ಹೋಲಿಕೆಯೇ ಸಿಗಲಿಲ್ಲ ನೋಡು ಆ ನರ್ಸಮ್ಮನಿಗೆ. ಹಾಗಾಗಿ ನಾವಿಬ್ಬರೂ ಅದನ್ನು ಗುಂಡಿ ಅಂತಲೇ ಕರೆಯುತ್ತಿದ್ದೇವೆ.

ನೀನು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನನ್ನ ಆ ಹಳೆಯ ಮನಸ್ಸಿನ ಕಾಯಿಲೆಗೆ ಏಳು ವರ್ಷದಿಂದ ನುಂಗುತ್ತಿರುವ ಮಾತ್ರೆ ಇದೆಯಲ್ಲ, ಲಿಥಿಯಂ, ಅದಕ್ಕೆಲ್ಲ ವ್ಯವಸ್ಥೆ ಮಾಡಿದ್ದೇನೆ. ನೀನು ತಲೆ ಕೆಡಿಸಿಕೊಳ್ಳಬೇಡ. ನಿನ್ನ ದ್ವೀಪದಲ್ಲಿ ಬೆಚ್ಚಗಿರು.

ನಿನ್ನ
ದಾರದುಂಡೆ

ಫೆಬ್ರವರಿ 19

ಪ್ರೀತಿಯ ದಾರದುಂಡೆಗೆ,

ಕೂತೇ ಓದಿದೆ. ಓದಿ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ನಮ್ಮ ರೇಡಿಯೋದವರು ಸಮುದ್ರದಲ್ಲಿ ಯಾವುದೋ ಹಡಗು ಮುಳುಗಿತು ಎಂದುಕೊಂಡು ಓಡಿಬಂದರು. ನಾನು ಮಾವ ಆಗುತ್ತಿದ್ದೇನೆ ಎಂದೆ. "ಅಯ್ಯೋ, ಇಷ್ಟೇನಾ" ಅಂದರು. ಆಮೇಲೆ ಕೈ ಕುಲುಕಿ ಬಿಡಲೇ ಇಲ್ಲ. ಈ ಹವಾಮಾನ ಠಾಣೆಯಲ್ಲಿ ನಾವಿರುವುದು ಇಬ್ಬರು, ಜೊತೆಗೊಬ್ಬರು ಅಡುಗೆಯವರು. ಒಬ್ಬರ ಮನೆಯಲ್ಲಿ ಮಗು ಆದರೆ ಮೂವರಿಗೂ ಆದ ಹಾಗೆ.

ದಿನಾ ಬೆಳಿಗ್ಗೆ ನಾವು ಮೇಲಿನ ಗಾಳಿಯನ್ನು ಅಳೆಯಲು ಒಂದು ಬಲೂನು ಹಾರಿಸುತ್ತೇವೆ. ಕೆಳಗೆ ಉಪಕರಣದ ಒಂದು ಪೆಟ್ಟಿಗೆ ನೇತಾಡುತ್ತಿರುತ್ತದೆ. ಇವತ್ತು ಅದರ ಮೇಲೆ 'ಮಾವ' ಎಂದು ದಪ್ಪ ಅಕ್ಷರದಲ್ಲಿ ಬರೆದು ಬಿಟ್ಟೆ. ಮೋಡ ದಾಟುವವರೆಗೂ ಮೂವರೂ ಕತ್ತೆತ್ತಿ ನೋಡಿದೆವು. ನಿನ್ನ ಗುಂಡಿಗಾಗಿ ಆಕಾಶದಲ್ಲೊಂದು ಡಂಗುರ ಸಾರಿದ್ದೇನೆ ಅಂದುಕೋ.

ಇಲ್ಲಿ ಫೋನಿಲ್ಲ ಎಂದು ನನಗೆ ಮೊದಲ ಸಲ ಬೇಜಾರಾಯಿತು. ರೇಡಿಯೋ ಇದೆ, ಆದರೆ ಅದರಲ್ಲಿ ಗಾಳಿ, ಮಳೆ, ಒತ್ತಡ ಬಿಟ್ಟು ಬೇರೆ ಮಾತು ಆಡುವಂತಿಲ್ಲ. ಸರಕಿನ ದೋಣಿ ಬಂದಾಗಲೇ ಕಾಗದ, ಅದೂ ಸಮುದ್ರ ಮನಸ್ಸು ಮಾಡಿದರೆ.

ಮಾತ್ರೆಯ ವಿಷಯ ಡಾಕ್ಟರ ಹತ್ತಿರ ಮಾತಾಡಿದ್ದೀಯಲ್ಲ, ಒಳ್ಳೆಯದಾಯಿತು. ನನಗೆ ಅದೊಂದೇ ಅಳುಕಿತ್ತು. ಭಾವನವರಿಗೆ ಹೇಳು, ಇನ್ನು ಮೇಲೆ ಏಣಿ ಹಿಡಿಯಲು ಬೇರೆ ಯಾರನ್ನಾದರೂ ನೋಡಿಕೊಳ್ಳಲಿ.

ನಿನ್ನ
ಅಣ್ಣ (ಬಡ್ತಿ: ಮಾವ)

ಮಾರ್ಚ್ 2

ಅಣ್ಣಾ,

ಬಲೂನಿನ ಕಥೆ ಓದಿ ನಗುತ್ತಾ ಇಸ್ತ್ರಿ ಪೆಟ್ಟಿಗೆಯನ್ನು ರಾಜನ ನಿಲುವಂಗಿಯ ಮೇಲೇ ಮರೆತೆ. ಬೆನ್ನ ಮೇಲೆ ಕಪ್ಪು ಮುದ್ರೆ! ನಿರ್ದೇಶಕರು ನೋಡುವ ಮೊದಲೇ ಅದರ ಮೇಲೊಂದು ದೊಡ್ಡ ಸೂರ್ಯನನ್ನು ಕಸೂತಿ ಹಾಕಿಬಿಟ್ಟೆ. ಅವರು ಬಂದು ನೋಡಿ, "ಇದೇ ಕಣಮ್ಮ, ಇದೇ ಬೇಕಿತ್ತು ನಂಗೆ!" ಎಂದು ಕುಣಿದರು. ಈಗ ಮಂತ್ರಿಗೆ ಚಂದ್ರ ಬೇಕಂತೆ, ಸೇನಾಪತಿಗೆ ಬಾಲದ ನಕ್ಷತ್ರ ಬೇಕಂತೆ.

ನನಗೆ ಇಷ್ಟು ಚೆನ್ನಾಗಿ ಕೈ ಓಡಿ ಎಷ್ಟು ಕಾಲವಾಗಿತ್ತು ಗೊತ್ತಾ? ಬಣ್ಣಗಳು ತಾವಾಗಿಯೇ ಬಂದು ಪಕ್ಕದಲ್ಲಿ ಕೂರುತ್ತಿವೆ. ಗರ್ಭಿಣಿಯರಿಗೆ ಸುಸ್ತು ಅನ್ನುತ್ತಾರೆ. ನನಗೆ ಸುಸ್ತು ಎಲ್ಲಿದೆ ಎಂದು ಹುಡುಕಿದರೂ ಸಿಗುತ್ತಿಲ್ಲ.

ನಿನ್ನ
ದಾರದುಂಡೆ

ಮಾರ್ಚ್ 6

ಅಣ್ಣಾ ಅಣ್ಣಾ,

ಮಾಮೂಲಿ ಹಾಳೆ ಸಾಲುತ್ತಿಲ್ಲ, ಅದಕ್ಕೇ ಕೋಟಿನ ನಕ್ಷೆ ಹಾಕುವ ಕಂದು ಕಾಗದದ ಮೇಲೆ ಬರೆಯುತ್ತಿದ್ದೇನೆ. ತೋಳಿನ ಕಡೆಯಿಂದ ಓದಲು ಶುರು ಮಾಡು. ನಾಟಕದ ಉಡುಪುಗಳನ್ನೆಲ್ಲ ಹೊಸದಾಗಿ ಹೊಲಿಯುತ್ತೇನೆ ಎಂದು ನಿರ್ದೇಶಕರಿಗೆ ಹೇಳಿಬಿಟ್ಟೆ. ಒಬ್ಬಳೇ! ಪ್ರದರ್ಶನಕ್ಕೆ ಮೊದಲೇ! ಮನೆಯ ಪರದೆಗಳನ್ನು ಕತ್ತರಿಸಿ ಗುಂಡಿಗೆ ಫ್ರಾಕು ಹೊಲಿದೆ, ಒಂದಾದ ಮೇಲೆ ಒಂದು, ಐದು ವರ್ಷದವರೆಗೆ ಆಗುವಷ್ಟು. ಎದುರುಮನೆಯವರಿಗೆ ನಮ್ಮನೆ ಪೂರ್ತಿ ಕಾಣುತ್ತದೆ, ಕಾಣಲಿ ಬಿಡು. ವೇಷಕ್ಕೆ ಕೃತಕ ಕೂದಲಿನ ಟೋಪನ್ ಮಾಡುವ ಅಜ್ಜಿ ಇದ್ದಾರಲ್ಲ, "ನಿಂಗೆ ಕೈ ಎಷ್ಟಿದೆಯೇ ತಾಯಿ, ಎರಡಾ, ಹತ್ತಾ?" ಎಂದು ಕೇಳುತ್ತಾರೆ. ಇವರು ಹೊಸ ನಾಟಕದ ಗಡಿಬಿಡಿಯಲ್ಲಿ ಏಣಿಯಿಂದ ಇಳಿದಿಲ್ಲ, ಇಳಿದಾಗೆಲ್ಲ ನನ್ನನ್ನು ನೋಡಿ ಮುಗುಳ್ನಗುತ್ತಾರೆ. ಅಣ್ಣಾ, ನಾನು ಎಷ್ಟು ಸಂತೋಷವಾಗಿದ್ದೇನೆ ಅಂದರೆ ಅದನ್ನು ಇಡಲು ಮನೆಯಲ್ಲಿ ಜಾಗವಿಲ್ಲ. ನಿನ್ನ ದ್ವೀಪಕ್ಕೂ ಒಂದು ಹೊದಿಕೆ ಹೊಲಿಯಲಾ? ಅಳತೆ ಕಳಿಸು!

ಮಾರ್ಚ್ 8

ಅಣ್ಣ,

ಇವರಿಗೆ ಈಗ ಒಂದೇ ಮಾತು. ಮಲಗು, ಮಲಗು. ನಿದ್ದೆ ಒಂದು ದುರಭ್ಯಾಸ, ಜನ ಯಾಕೆ ಬಿಡುವುದಿಲ್ಲವೋ. ಎಲ್ಲರೂ ಎಷ್ಟು ನಿಧಾನ, ನೀರಿನಲ್ಲಿ ನಡೆಯುವವರ ಹಾಗೆ. ನಿರ್ದೇಶಕರ ಮೇಲೆ ರೇಗಿದೆ. ಕತ್ತರಿ ಎಸೆದೆ, ಅವರ ಕಡೆಗಲ್ಲ, ಗೋಡೆಗೆ. ಗುಂಡಿಗೆ ಎಲ್ಲ ಅರ್ಥವಾಗುತ್ತದೆ, ಅದು ಒಳಗಿಂದ ನನಗೆ ಬಣ್ಣ ಹೇಳುತ್ತಿದೆ. ನಾಳೆ ನಾಟಕದ ಕೋಟುಗಳನ್ನೆಲ್ಲ ರೈಲು ನಿಲ್ದಾಣಕ್ಕೆ ತಗೊಂಡು ಹೋಗುತ್ತೇನೆ. ಇಳಿದವರಿಗೆಲ್ಲ ಒಂದೊಂದು. ಪಾಪ, ಚಳಿ.

ಮಾರ್ಚ್ 21

ಪುಟ್ಟಾ,

ಬಿರುಗಾಳಿಯಿಂದಾಗಿ ದೋಣಿ ಇವತ್ತು ಬಂತು. ನಿನ್ನ ಮೂರೂ ಕಾಗದಗಳು ಒಂದೇ ಚೀಲದಲ್ಲಿದ್ದವು.

ಮೊದಲನೆಯದನ್ನು ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಎರಡನೆಯದನ್ನು ನೆಲದ ಮೇಲೆ ಹಾಸಿ ತೋಳಿನಿಂದ ಕಾಲರಿನವರೆಗೆ ಮಂಡಿಯೂರಿ ಓದಿದೆ. ಅಡುಗೆಯವರು, "ನಿಮ್ ತಂಗಿ ಬಹಳ ಜೋರು ಕಣ್ರೀ" ಎಂದರು. ಹೌದು, ನಮ್ಮ ದಾರದುಂಡೆ ಎಂದರೆ ಏನಂದುಕೊಂಡಿರಿ ಎಂದು ನಾನೂ ಬೀಗಿದೆ. ಇಷ್ಟು ಉದ್ದದ ಕಾಗದವನ್ನು ನೀನು ಯಾವತ್ತೂ ಬರೆದವಳಲ್ಲ. ಇಷ್ಟು ಖುಷಿ! ಮೂರನೆಯದನ್ನು ಮಾತ್ರ ಯಾರಿಗೂ ತೋರಿಸದೆ ನನ್ನ ಮೇಜಿಗೆ ಒಯ್ದೆ.

ನಮ್ಮ ಕೆಲಸದಲ್ಲಿ ಒಂದು ಕ್ರಮ ಇದೆ. ಒತ್ತಡ ಎಷ್ಟಿದೆ ಎಂದು ಒಂದು ಸಲ ನೋಡಿ ಹವೆ ಹೀಗೇ ಎಂದು ಹೇಳಬಾರದು. ಹಿಂದಿನದರ ಪಕ್ಕ ಇಟ್ಟು ಗೆರೆ ಎಳೆಯಬೇಕು, ಗೆರೆ ಯಾವ ಕಡೆ ಓಡುತ್ತಿದೆ ನೋಡಬೇಕು. ನಿನ್ನ ಮೂರು ಕಾಗದಗಳನ್ನು ಹಾಗೆ ಪಕ್ಕಪಕ್ಕ ಇಟ್ಟೆ. ಆಮೇಲೆ ಫೆಬ್ರವರಿಯ ಕಾಗದವನ್ನು ತೆಗೆದು ನೋಡಿದೆ. 'ವ್ಯವಸ್ಥೆ ಮಾಡಿದ್ದೇನೆ' ಎಂದು ಬರೆದಿದ್ದೀಯ. ಡಾಕ್ಟರನ್ನು ಕೇಳಿದೆ ಎಂದು ಎಲ್ಲೂ ಬರೆದಿಲ್ಲ. ಅದನ್ನು ಸೇರಿಸಿ ಓದಿಕೊಂಡವನು ನಾನು.

ಪುಟ್ಟಾ, ಏಳು ವರ್ಷದ ಹಿಂದೆ ನೀನು ಅದೇ ನಿಲ್ದಾಣದಲ್ಲಿ ನಿಂತು ನಮ್ಮ ಮನೆಯ ಬಟ್ಟೆಗಳನ್ನೆಲ್ಲ ಹಂಚಿದ್ದೆ. ನನ್ನ ಕೋಟು ಹಾಕಿಕೊಂಡು ಯಾರೋ ನನ್ನ ಎದುರಿಗೇ ಹೋದರು. ಅವತ್ತು ನಗು ಬಂತು. ಆಮೇಲೆ ನೀನು ಮೂರು ತಿಂಗಳು ಆಸ್ಪತ್ರೆಯಲ್ಲಿದ್ದೆ, ಕೊನೆಯ ತಿಂಗಳು ನನ್ನನ್ನು ನೋಡಿದರೂ ಗೋಡೆಗೆ ಮುಖ ಮಾಡಿಕೊಂಡು ಮಲಗುತ್ತಿದ್ದೆ. ಭಾವನವರು ಅದನ್ನು ಕಂಡವರಲ್ಲ. ಈಗಿನದು ಬರೀ ಖುಷಿ ಎಂದು ಅವರು ನಂಬಿದ್ದರೆ ಅದು ಅವರ ತಪ್ಪಲ್ಲ. ಇನ್ನೂರು ಮೈಲಿ ದೂರದಲ್ಲಿ ನಾನೂ ಅದನ್ನೇ ನಂಬಿದೆ.

ಈ ಕಾಗದ ನಿನ್ನ ಕೈಸೇರಲು ವಾರ ಬೇಕು. ಅಷ್ಟು ಕಾಯಲು ನನ್ನಿಂದಾಗದು. ಹಾಗಾಗಿ ಇವತ್ತು ಸಂಜೆ ಒಂದು ಕೆಲಸ ಮಾಡಿದ್ದೇನೆ. ಇದು ನಿನಗೆ ತಲುಪುವಷ್ಟರಲ್ಲಿ ನಿನಗೆ ನನ್ನ ಮೇಲೆ ಸಿಟ್ಟು ಬಂದಿರುತ್ತದೆ. ಬರಲಿ.

ಅಣ್ಣ

ಏಪ್ರಿಲ್ 8

ಅಣ್ಣನಿಗೆ,

ಸಿಟ್ಟು ಬಂದಿದೆ. ಅದನ್ನು ಮೊದಲು ಬರೆದು ಆಮೇಲೆ ಉಳಿದದ್ದು.

ಆ ಸಂಜೆ ಪೂರ್ತಿ ವೇಷದ ತಾಲೀಮು ನಡೆಯುತ್ತಿತ್ತು; ಮ್ಯಾನೇಜರು ಬೀಗ ಹಾಕಿದ್ದರಿಂದ ಕೋಟುಗಳು ನಿಲ್ದಾಣಕ್ಕೆ ಹೋಗದೆ ಉಳಿದಿದ್ದವು. ಮಳೆಯಂಗಿ ಹಾಕಿಕೊಂಡ ಒಬ್ಬರು ಸೀದಾ ರಂಗದ ಮೇಲೆ ಹತ್ತಿ ಬಂದು, "ಹವಾಮಾನ ಕಚೇರಿಯಿಂದ. ಇಲ್ಲಿ ದರ್ಜಿ ಯಾರು?" ಎಂದರು. ರಾಜ ನನ್ನತ್ತ ಬೆರಳು ತೋರಿಸಿದ. ಅವರು ಕನ್ನಡಕ ಏರಿಸಿ ರೇಡಿಯೋದಲ್ಲಿ ಬಂದ ನಿನ್ನ ಸಂದೇಶವನ್ನು ಮೊದಲಿನಿಂದ ಓದಿದರು, ಒಂದು ಸಾಲೂ ಬಿಡದೆ. "ಗಾಳಿ ವಾಯವ್ಯದಿಂದ, ಜೋರು. ಅಲೆ ಎತ್ತರ. ಒತ್ತಡ ಇಳಿಯುತ್ತಿದೆ. ನಾಟಕಶಾಲೆಯ ದರ್ಜಿ ನನ್ನ ತಂಗಿ. ಗರ್ಭಿಣಿ. ಮಾತ್ರೆ ನಿಲ್ಲಿಸಿದ್ದಾಳೆ. ಇವತ್ತೇ ಅವಳ ಡಾಕ್ಟರ ಬಳಿ ಕರೆದೊಯ್ಯಿರಿ. ಗೋಚರತೆ ಕಡಿಮೆ." ಎಲ್ಲರೂ ನನ್ನ ಕಡೆ ತಿರುಗಿದರು. ನಾನು ನಕ್ಕೆ, ಇದೆಲ್ಲ ಸುಳ್ಳು ಎಂದೆ, ತುಂಬಾ ಚೆನ್ನಾಗಿಯೇ ವಾದ ಮಾಡಿದೆ. ಎಲ್ಲರೂ ಹೆಚ್ಚುಕಡಿಮೆ ನಂಬಿದರು.

ಆಗ ಮೂಲೆಯಲ್ಲಿ ಕೂತಿದ್ದ ಟೋಪನ್ ಅಜ್ಜಿ, "ಅಲ್ಲಮ್ಮ, ಈ ಬಿಳೀ ಗುಂಡಿಗೆ ತೂತೇ ಇಲ್ವಲ್ಲ, ಹೇಗ್ ಹೊಲಿಯೋದು?" ಎಂದರು. ಸೇನಾಪತಿಯ ಕೋಟಿನಲ್ಲಿ ಒಂದು ಗುಂಡಿ ಕಿತ್ತುಹೋಗಿತ್ತಂತೆ. ನನ್ನ ಡಬ್ಬಿ ತೆಗೆದು, ಸೂಜಿ ಹಿಡಿದು, ಒಂದೊಂದನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ನಮ್ಮನೆಯವರು ಹೋಗಿ ಆ ಡಬ್ಬಿಯನ್ನು ತಮ್ಮ ಅಂಗೈಗೆ ಸುರಿದುಕೊಂಡರು. ಗುಂಡಿಗಳ ನಡುವೆ ನನ್ನ ಅಷ್ಟೂ ಮಾತ್ರೆಗಳು. ಇವರು ಬೈಯಲಿಲ್ಲ. ಬೈದಿದ್ದರೆ ಜಗಳ ಆಡಬಹುದಿತ್ತು. "ನಡಿ ಹೋಗೋಣ, ನಾನೂ ಬರ್ತೀನಿ" ಎಂದರು. ಹೋದೆ.

ಹತ್ತು ದಿನ ಆಸ್ಪತ್ರೆಯಲ್ಲಿದ್ದೆ. ಈಗ ಮನೆಯಲ್ಲಿದ್ದೇನೆ. ಪರದೆ ಇಲ್ಲದ ಮನೆಯಲ್ಲಿ.

ಯಾಕೆ ನಿಲ್ಲಿಸಿದೆ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಮಾತ್ರೆಯ ಡಬ್ಬಿಯೊಳಗಿನ ಚೀಟಿಯಲ್ಲಿ 'ಗರ್ಭಿಣಿಯರು ವೈದ್ಯರ ಸಲಹೆ ಪಡೆಯಿರಿ' ಎಂದಿತ್ತು. ಕೇಳಲು ಹೆದರಿದೆ. ಮಾತ್ರೆ ಬೇಕಾ, ಮಗು ಬೇಕಾ, ಒಂದನ್ನು ಆರಿಸು ಎಂದು ಡಾಕ್ಟರು ಹೇಳಿಬಿಟ್ಟರೆ? ಅದಕ್ಕೇ ಕೇಳದೆ ನಾನೇ ಆರಿಸಿದೆ.

ಡಾಕ್ಟರಮ್ಮ ಹಾಗೇನೂ ಹೇಳಲಿಲ್ಲ. ಕುರ್ಚಿ ಹತ್ತಿರ ಎಳೆದುಕೊಂಡು ಕೂತು, "ಈ ಮಾತ್ರೆಯಿಂದ ಅಪಾಯವೇ ಇಲ್ಲ ಅಂತ ನಾನು ಹೇಳಲ್ಲ. ಮೊದಲ ತಿಂಗಳುಗಳಲ್ಲಿ ಮಗುವಿನ ಹೃದಯಕ್ಕೆ ಸ್ವಲ್ಪ ಅಪಾಯ ಇದೆ, ಚಿಕ್ಕದು, ಆದ್ರೆ ಇದೆ. ತಟ್ಟನೆ ನಿಲ್ಲಿಸೋದ್ರಲ್ಲೂ ಅಪಾಯ ಇದೆ. ಅದು ನಿಮ್ಗೂ ಹೌದು, ಮಗುಗೂ ಹೌದು. ಎರಡನ್ನೂ ತಕ್ಕಡೀಲಿ ಇಟ್ಟು ನೋಡೋಣ. ಆದ್ರೆ ನೀವೊಬ್ಬರೇ ಕೂತು ತೂಗ್ಬೇಡಿ" ಎಂದರು. ಎಲ್ಲ ಮಾತ್ರೆಯೂ ಒಂದೇ ಅಲ್ಲವಂತೆ. ಕೆಲವನ್ನು ಬಸಿರಿನಲ್ಲಿ ಕೊಡುವುದೇ ಇಲ್ಲ, ಕೆಲವನ್ನು ಮುಂದುವರಿಸುತ್ತಾರೆ, ಕೆಲವನ್ನು ಮಗು ಬೇಕು ಅಂದುಕೊಂಡಾಗಲೇ ಬದಲಾಯಿಸುತ್ತಾರೆ. ನನಗೆ ಹಿಂದೆ ಬೇರೆ ಯಾವುದೂ ನಾಟಿರಲಿಲ್ಲ. ಹೃದಯ ಮೂಡುವ ವಾರಗಳೂ ಹೆಚ್ಚುಕಡಿಮೆ ಕಳೆದಿವೆ. ಹಾಗಾಗಿ ಅದನ್ನೇ ಮತ್ತೆ ಶುರು ಮಾಡಿದ್ದಾರೆ. ಆಗಾಗ ರಕ್ತ ಪರೀಕ್ಷೆ ಮಾಡಿ ಎಷ್ಟು ಬೇಕೋ ಅಷ್ಟೇ ಕೊಡುತ್ತಾರೆ. ಹೆರಿಗೆ ಡಾಕ್ಟರೂ ಈ ಡಾಕ್ಟರಮ್ಮನೂ ಮಾತಾಡಿಕೊಂಡಿದ್ದಾರೆ. ಮೇ ತಿಂಗಳಲ್ಲಿ ಗುಂಡಿಯ ಹೃದಯವನ್ನು ಸ್ಕ್ಯಾನ್ ಮಾಡಿ ನೋಡುತ್ತಾರೆ.

ನಿಲ್ಲಿಸುವ ಮೊದಲಿನ ವಾರಗಳಲ್ಲಿ, ಬಸಿರೆಂದು ಗೊತ್ತಿಲ್ಲದೆ, ದಿನಾ ನುಂಗಿದ್ದೆನಲ್ಲ ಅಣ್ಣ. ಸ್ಕ್ಯಾನಿನ ದಿನದವರೆಗೂ ನನಗೆ ಇದೇ ಯೋಚನೆ.

ಇನ್ನೊಂದು ಮಾತು. ಆ ಸೂರ್ಯನನ್ನು ಹೊಲಿದ ದಿನ ನಾನು ನಿಜವಾಗಿಯೂ ಸಂತೋಷವಾಗಿದ್ದೆ. ಅದು ಬರೀ ಕಾಯಿಲೆ ಅನ್ನುತ್ತಾರೆ. ಇನ್ನು ಮೇಲೆ ಖುಷಿಯಾದಾಗೆಲ್ಲ ನಾನು ಯಾರನ್ನು ಕೇಳಬೇಕು, ಇದು ನನ್ನದಾ ಎಂದು?

ದಾ.

ಏಪ್ರಿಲ್ 25

ಪ್ರೀತಿಯ ದಾರದುಂಡೆಗೆ,

ನಿನ್ನ ಕೊನೆಯ ಪ್ರಶ್ನೆಯನ್ನು ಮೂರು ಸಲ ಓದಿದೆ. ಡಾಕ್ಟರಮ್ಮನನ್ನು ಕೇಳು, ಈ ಸಲ ಕೇಳಲು ಹೆದರಬೇಡ. ಆದರೆ ಏಣಿ ಹಿಡಿದುಕೊಂಡು "ರೀ, ಒಂದ್ ವಿಷಯ" ಅಂದೆಯಲ್ಲ, ಆ ದಿನದ ಖುಷಿ ನಿನ್ನದೇ ಎಂದು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಸಾಕ್ಷಿ ಹೇಳುತ್ತೇನೆ.

ನನ್ನ ಮೇಲೆ ಇನ್ನೂ ಸಿಟ್ಟಿದ್ದರೆ ಒಂದು ಸುದ್ದಿ ಹೇಳಿ ತಣ್ಣಗಾಗಿಸುತ್ತೇನೆ. ಮುಖ್ಯ ಕಚೇರಿಯಿಂದ ನನಗೆ ಕಾಗದ ಬಂದಿದೆ. 'ಹವಾಮಾನಕ್ಕೆ ಸಂಬಂಧಿಸದ ವಿಷಯಗಳನ್ನು ರೇಡಿಯೋ ಮೂಲಕ ಕಳುಹಿಸಿರುವುದು ನಿಯಮಬಾಹಿರ. ಇದು ಮರುಕಳಿಸಕೂಡದು.' ಕೆಳಗೆ ಮೇಲಧಿಕಾರಿಗಳ ಸಹಿ. ಸಹಿಯ ಕೆಳಗೆ, ಬೇರೆ ಶಾಯಿಯಲ್ಲಿ, ಅವರದೇ ಕೈಬರಹ: 'ತಂಗಿ ಹೇಗಿದ್ದಾರೆ?' ಇದಕ್ಕೆ ಯಾವ ನಿಯಮದ ಪ್ರಕಾರ ಉತ್ತರಿಸುವುದೋ ತಿಳಿಯದೆ ರೇಡಿಯೋದವರು ನಿನ್ನೆಯ ವರದಿಯಲ್ಲಿ 'ಹವೆ ತಿಳಿಯಾಗುತ್ತಿದೆ' ಎಂದು ಎರಡು ಸಲ ಕಳಿಸಿದ್ದಾರೆ.

ಸಂಜೆ ಹೊತ್ತು ನಾನು ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಏನೆಂದು ಕೇಳಬೇಡ. ಬೆರಳಿಗೆಲ್ಲ ಗಾಯವಾಗಿದೆ.

ಅಣ್ಣ

ಮೇ 19

ಪ್ರೀತಿಯ ಅಣ್ಣಾ,

ನಾಲ್ಕು! ಗುಂಡಿಯ ಹೃದಯಕ್ಕೆ ನಾಲ್ಕು ಕೋಣೆಗಳು, ನಾಲ್ಕೂ ಅಚ್ಚುಕಟ್ಟಾಗಿವೆ!

ಕತ್ತಲೆ ಕೋಣೆಯಲ್ಲಿ ಮಲಗಿಸಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚಿದರು. ಸ್ಕ್ಯಾನ್ ಮಾಡುವ ಹುಡುಗಿ ಬಹಳ ಹೊತ್ತು ಏನೇನೋ ಅಳೆಯುತ್ತಲೇ ಇದ್ದಳು. ನಾನು ಇವರ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆ ಎಂದರೆ ಅವರ ಉಂಗುರ ಈಗಲೂ ಸೊಟ್ಟಗಿದೆ. ಆಮೇಲೆ ಅವಳು ಪರದೆಯನ್ನು ನಮ್ಮ ಕಡೆ ತಿರುಗಿಸಿ, "ನೋಡಿ, ಎಲ್ಲಾ ಸರಿಯಾಗಿದೆ. ರಕ್ತ ಹೋಗ್ತಾ ಇದೆ, ಬರ್ತಾ ಇದೆ" ಎಂದಳು. ಕಾಳಿನಷ್ಟು ಹೃದಯ, ಅದರ ಅವಸರ ನೋಡಬೇಕಿತ್ತು ನೀನು. ನಾನು ಅತ್ತೆ. ಇವರು ಮೂಗು ಒರೆಸಿಕೊಂಡು, "ಲೈಟಿಂಗ್ ಸ್ವಲ್ಪ ಡಲ್ಲು, ಆದ್ರೆ ನಟನೆ ಅದ್ಭುತ" ಎಂದರು. ಆ ಹುಡುಗಿ ನಕ್ಕು ನಕ್ಕು ಯಂತ್ರವನ್ನೇ ಕೈಬಿಡುವುದರಲ್ಲಿದ್ದಳು.

ಅಲ್ಲಿಂದ ಸೀದಾ ಡಾಕ್ಟರಮ್ಮನ ಹತ್ತಿರ ಹೋದೆ. "ಡಾಕ್ಟ್ರೇ, ನಂಗೆ ತುಂಬಾ ಖುಷಿಯಾಗ್ತಿದೆ, ಭಯ ಆಗ್ತಿದೆ" ಎಂದೆ. ಅವರು ಪೆನ್ನು ಕೆಳಗಿಟ್ಟು, "ನಿನ್ನೆ ರಾತ್ರಿ ನಿದ್ದೆ ಬಂತಾ?" ಎಂದರು. ಬಂತು ಎಂದೆ. "ಇವತ್ತು ಏನೇನ್ ಕೊಂಡ್ಕೊಂಡ್ರಿ?" ಏನೂ ಇಲ್ಲ, ಒಂದು ಬಾಳೆಹಣ್ಣು ಎಂದೆ. "ಮೊನ್ನೆಯ ರಕ್ತದ ವರದೀನೂ ಸರಿಯಾಗೇ ಇದೆ. ಇದು ನಿಮ್ದೇ ಖುಷಿ ಕಣಮ್ಮ. ಮನೆಗ್ ತಗೊಂಡ್ ಹೋಗಿ" ಎಂದರು.

ತಗೊಂಡು ಬಂದಿದ್ದೇನೆ, ಅಣ್ಣಾ. ಇವತ್ತು ಸಂಜೆ ನಿಧಾನವಾಗಿ ಪರದೆ ಹೊಲಿಯುತ್ತಾ ಕೂತಿದ್ದೇನೆ. ನಿನ್ನ ಮೇಲಿನ ಸಿಟ್ಟು ಎಲ್ಲಿಟ್ಟೆನೋ, ಹುಡುಕಿದರೆ ಸಿಗುತ್ತಿಲ್ಲ. ಆ ಮಳೆಯಂಗಿಯವರು ಈಗ ವಾರಕ್ಕೊಮ್ಮೆ ಬಂದು ತಾಲೀಮು ನೋಡುತ್ತಾರೆ. ನಾಟಕದ ಹುಚ್ಚು ಹಿಡಿದಿದೆ ಅವರಿಗೆ.

ನಿನ್ನ
ದಾರದುಂಡೆ

ಸೆಪ್ಟೆಂಬರ್ 1

ಪ್ರೀತಿಯ ಅಣ್ಣಾ,

ನಿನ್ನ ಪೊಟ್ಟಣ ಬಂತು. ಬಲೂನಿನ ಪೆಟ್ಟಿಗೆಯನ್ನು ಕೆಳಗಿಳಿಸುವ ಪ್ಯಾರಾಶೂಟಿನ ಹರಿದ ಬಟ್ಟೆಯಲ್ಲಿ ಮಗುವಿಗೆ ಹೊದಿಕೆ! ನೀನೇ ಹೊಲಿದದ್ದು! ಅಣ್ಣಾ, ನಾನು ದರ್ಜಿ, ಸುಳ್ಳು ಹೇಳಲಾರೆ. ಇಂಥ ಹೊಲಿಗೆಯನ್ನು ನಾನು ಜನ್ಮದಲ್ಲಿ ನೋಡಿಲ್ಲ. ಒಂದು ಹೊಲಿಗೆ ಉತ್ತರಕ್ಕೆ, ಒಂದು ದಕ್ಷಿಣಕ್ಕೆ. ಟೋಪನ್ ಅಜ್ಜಿ ನೋಡಿ, "ಇದನ್ನ ಹೊಲಿದೋರು ಹಡಗಿನ ಮೇಲೆ ಕೂತಿದ್ರಾ?" ಎಂದರು. ಬಿಚ್ಚಿ ಸರಿ ಮಾಡಿಕೊಡಲಾ ಎಂದೂ ಕೇಳಿದರು. ಮುಟ್ಟಿದರೆ ಕೈ ಮುರಿಯುತ್ತೇನೆ ಎಂದೆ.

ಇನ್ನು ಕೆಲವೇ ವಾರ. ಎಲ್ಲ ಮಾತಾಡಿಕೊಂಡಾಗಿದೆ. ಹೆರಿಗೆಯ ಹೊತ್ತಿಗೆ ಮಾತ್ರೆ ಯಾವಾಗ ತಡೆಯಬೇಕು, ಯಾವಾಗ ಮತ್ತೆ ಶುರು ಮಾಡಬೇಕು ಎಂದು ಡಾಕ್ಟರಮ್ಮ ಬರೆದುಕೊಟ್ಟಿದ್ದಾರೆ. ಹೆರಿಗೆಯ ನಂತರದ ದಿನಗಳೇ ನನ್ನಂಥವರಿಗೆ ನಾಜೂಕಂತೆ, ಎಲ್ಲಕ್ಕಿಂತ ನಿದ್ದೆ ಮುಖ್ಯವಂತೆ. ಈ ಮಾತ್ರೆ ಎದೆಹಾಲಿಗೂ ಸೇರುತ್ತದೆ, ಹಾಗಾಗಿ ಬಾಟಲಿ ಹಾಲು ಎಂದು ತೀರ್ಮಾನಿಸಿದೆವು. ಅದಕ್ಕೆ ಒಂದು ದಿನ ಅತ್ತುಬಿಟ್ಟೆ, ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ಅಜ್ಜಿ ಏನೋ ಹೇಳಲು ಬಾಯಿ ತೆಗೆದರು. ಇವರು, "ಅಜ್ಜಿ, ರಾತ್ರಿ ಪಾಳಿ ನಂದು. ನಾಟಕದಲ್ಲಿ ಹೇಗೂ ಕತ್ತಲೇಲೇ ಕೆಲ್ಸ ಮಾಡ್ತೀನಿ, ಅಭ್ಯಾಸ ಇದೆ" ಎಂದು ಬಾಯಿ ಮುಚ್ಚಿಸಿದರು. ಈಗ ಅಜ್ಜಿ ಟೋಪನ್ ಇಡುವ ದೊಡ್ಡ ಗೊಂಬೆ ತಲೆಯೊಂದಕ್ಕೆ ಬಾಟಲಿ ಹಿಡಿದು ಅಭ್ಯಾಸ ನಡೆಸಿದ್ದಾರೆ. ಗೊಂಬೆ ಇದುವರೆಗೆ ಅತ್ತಿಲ್ಲ.

ನನ್ನ ಮಾತ್ರೆ ಈಗ ಅಡುಗೆಮನೆಯ ಕಪಾಟಿನಲ್ಲಿ, ಎಲ್ಲರಿಗೂ ಕಾಣುವ ಹಾಗೆ ಇದೆ. ಗುಂಡಿ ಡಬ್ಬಿಯಲ್ಲಿ ಗುಂಡಿಗಳು ಮಾತ್ರ.

ನಿನ್ನ
ದಾರದುಂಡೆ

ಸೆಪ್ಟೆಂಬರ್ 24

ಪ್ರೀತಿಯ ದಾರದುಂಡೆಗೆ,

ನಿನಗೆ ಗೊತ್ತಿರುವ ಸುದ್ದಿಯನ್ನೇ ನಿನಗೆ ಬರೆಯುತ್ತಿದ್ದೇನೆ. ಅದು ನಮಗೆ ಹೇಗೆ ಬಂತು ಎನ್ನುವುದು ನಿನಗೆ ಗೊತ್ತಿಲ್ಲವಲ್ಲ.

ಇವತ್ತು ಬೆಳಿಗ್ಗೆ ಎಂದಿನಂತೆ ಮುಖ್ಯ ಕಚೇರಿಯ ವರದಿಗೆ ಕಿವಿಕೊಟ್ಟು ಕೂತಿದ್ದೆವು. ರೇಡಿಯೋದವರು ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಕೇಳಿದ್ದನ್ನು ಕೇಳಿದ ಹಾಗೆ ಗಟ್ಟಿಯಾಗಿ ಹೇಳುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಅತ್ತ ಕಡೆ ಓದುತ್ತಿದ್ದವರು ನಿಮ್ಮ ಮಳೆಯಂಗಿಯವರೇ. ಈಗ ಅವರು ವರದಿಯನ್ನೂ ನಾಟಕದ ಮಾತಿನ ಹಾಗೆ ಎಳೆದೆಳೆದು ಓದುತ್ತಾರಂತೆ. "ಗಾಳಿ ಸಾಧಾರಣ. ಆಕಾಶ ನಿರ್ಮಲ. ಒತ್ತಡ ಸ್ಥಿರ" ಎಂದರು. ಬರೆದುಕೊಂಡೆ. "ಹೆಣ್ಣು ಮಗು" ಎಂದರು. ಅದನ್ನೂ ಬರೆದುಕೊಂಡೆ! ಬರೆದ ಮೇಲೆ ನನ್ನ ಕೈ ನಿಂತಿತು. "ತೂಕ ಚೆನ್ನಾಗಿದೆ. ಹೃದಯ ಚೆನ್ನಾಗಿದೆ. ಧ್ವನಿ ಬಹಳ ಜೋರು." ಅಡುಗೆಯವರು ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದರು.

ನಾನು ಇನ್ನೂ ಕಾಯುತ್ತಿದ್ದೆ. ಇದೆಲ್ಲ ಮಗುವಿನ ಸುದ್ದಿ. ನನಗೆ ಬೇಕಿದ್ದದ್ದು ಇನ್ನೊಂದು ಸಾಲು. ಅದನ್ನು ಹೇಳದೆ ವರದಿ ಮುಗಿಸಿಬಿಡುತ್ತಾರೇನೋ ಎಂದು ಪೆನ್ಸಿಲನ್ನು ಹಾಳೆಯ ಮೇಲೆ ಹಾಗೇ ಒತ್ತಿ ಹಿಡಿದಿದ್ದೆ.

"ಕೊನೆಯದಾಗಿ," ಎಂದರು ರೇಡಿಯೋದವರು. ಕಿವಿಯ ಯಂತ್ರವನ್ನು ಇನ್ನಷ್ಟು ಒತ್ತಿಕೊಂಡರು. "ತಾಯಿ ಹಾಯಾಗಿ ನಿದ್ದೆ ಮಾಡ್ತಿದ್ದಾರೆ."

ಪೆನ್ಸಿಲು ಬಿಸಾಡಿ ಅತ್ತುಬಿಟ್ಟೆ ಕಣೇ. ಮೂವರೂ ಅತ್ತೆವು. ಆಮೇಲೆ ಹೊರಗೆ ಹೋಗಿ ಬಲೂನು ಹಾರಿಸಿದೆವು. ಪೆಟ್ಟಿಗೆಯ ಮೇಲೆ ಈ ಸಲ ಮಗುವಿನ ವಿಷಯ ಬರೆಯಲಿಲ್ಲ, ಅವಳಿಗೆ ಮುಂದೆ ಬೇಕಾದಷ್ಟು ಬಲೂನುಗಳಿವೆ. 'ನನ್ನ ತಂಗಿ ಮಲಗಿದ್ದಾಳೆ' ಎಂದು ಬರೆದೆ. ಗಾಳಿ ಸಾಧಾರಣವೇ ಇತ್ತು. ಬಲೂನು ಸದ್ದಿಲ್ಲದೆ ಮೇಲೆ ಹೋಯಿತು.

ನಿನ್ನ
ಅಣ್ಣ